ಬೀಜದ ಜೊತೆಗೆ ಹೆಸರೂ ಉಳಿಯಲಿ

ಗಣಕಯಂತ್ರಕ್ಕೆ ಕೊಡುವ ಆದೇಶಗಳ ಮೂಲ ಬರಹವನ್ನು ಗುಟ್ಟಾಗಿಡದೆ ಎಲ್ಲರ ಮುಂದಿಟ್ಟು, ಅದನ್ನು ಯಾರು ಬೇಕಾದರೂ ಓದಬಹುದು, ತಿದ್ದಬಹುದು, ತಿದ್ದಿದ್ದನ್ನು ಮತ್ತೊಬ್ಬರಿಗೆ ಹಂಚಬಹುದು ಎಂಬ ಅನುಮತಿಯೊಡನೆ ಬಿಡುಗಡೆ ಮಾಡುವ ಪದ್ಧತಿಗೆ ಓಪನ್ ಸೋರ್ಸ್ ಎಂದು ಹೆಸರು. ಕನ್ನಡದಲ್ಲಿ ಇಂಥದ್ದನ್ನು ಮುಕ್ತ ತಂತ್ರಾಂಶ ಎಂದು ಕರೆಯುವುದು ರೂಢಿ. 1983ರಲ್ಲಿ ರಿಚರ್ಡ್ ಸ್ಟಾಲ್‌ಮನ್ ಘೋಷಿಸಿದ ಗ್ನೂ ಯೋಜನೆಯಿಂದಲೂ 1991ರಲ್ಲಿ ಲಿನಸ್ ಟೊರ್ವಾಲ್ಡ್ಸ್ ಆರಂಭಿಸಿದ ಲಿನಕ್ಸ್‌ನಿಂದಲೂ ಬಲ ಪಡೆದ ಈ ಪದ್ಧತಿ ಇಂದು ಹಳ್ಳಿಯ ರೈತನ ಕೈಯಲ್ಲಿರುವ ಆಂಡ್ರಾಯ್ಡ್ ಫೋನಿನವರೆಗೂ ಬಂದು ತಲುಪಿದೆ. ಇದರ ಹಿಂದೆ ಸಂಬಳಕ್ಕೆ ದುಡಿಯುವ ಎಂಜಿನಿಯರುಗಳು ಇರುವಂತೆಯೇ, ಯಾರೂ ಕೇಳದಿದ್ದರೂ ತಮ್ಮ ಬಿಡುವಿನ ವೇಳೆಯನ್ನು ಧಾರೆಯೆರೆದ ಸಾವಿರಾರು ಸ್ವಯಂಸೇವಕರೂ ಇದ್ದಾರೆ. ಕೂಲಿಗೆ ಬಾರದವನಿಗೆ ಕೂಲಿ ಕೊಟ್ಟು ಋಣ ತೀರಿಸಲು ಬರುವುದಿಲ್ಲವಾದ್ದರಿಂದ, ಇಂಥವರ ದುಡಿಮೆಯನ್ನು ಸಮಾಜ ಹೇಗೆ ಗುರುತಿಸಬೇಕು, ಹೇಗೆ ಕೃತಜ್ಞತೆ ಸಲ್ಲಿಸಬೇಕು ಎಂಬುದು ಆ ಲೋಕದ ಬಗೆಹರಿಯದ ಪ್ರಶ್ನೆಗಳಲ್ಲೊಂದಾಗಿದೆ.

ಆದರೆ ಈ ಪ್ರಶ್ನೆ ತಂತ್ರಾಂಶಕ್ಕಷ್ಟೇ ಸೇರಿದ್ದಲ್ಲ. ಗಣಕಯಂತ್ರ ಹುಟ್ಟುವುದಕ್ಕೆ ಶತಮಾನಗಳ ಹಿಂದಿನಿಂದಲೂ ಇದೇ ಮುಕ್ತ ಪದ್ಧತಿಯಲ್ಲಿ ಬೆಳೆದುಬಂದ ಸಂಪತ್ತೊಂದು ಮಂಡ್ಯ, ಮದ್ದೂರು, ಮಳವಳ್ಳಿಗಳ ಗದ್ದೆ ಬಯಲಿನಲ್ಲಿದೆ. ಅದು ಭತ್ತದ ಬೀಜ. ಒಬ್ಬ ರೈತ ಇನ್ನೊಬ್ಬನಿಂದ ಬಿತ್ತನೆ ಪಡೆದು, ತನ್ನ ನೆಲಕ್ಕೂ ನೀರಿಗೂ ಒಗ್ಗಿದ ತೆನೆಯನ್ನು ಆರಿಸಿ, ಹಾಗೆ ಆರಿಸಿದ್ದನ್ನು ನೆಂಟರಿಗೂ ನೆರೆಯವರಿಗೂ ಕೊಟ್ಟು, ಅವರು ತಮ್ಮ ಹೊಲದಲ್ಲಿ ಮತ್ತೆ ತಿದ್ದಿ ಮುಂದಕ್ಕೆ ದಾಟಿಸಿದ್ದರಿಂದಲೇ ನಾಡಿನಲ್ಲಿ ಸಾವಿರಾರು ತಳಿಗಳು ರೂಪುಗೊಂಡವು. ಪಡೆದವರು ಯಾರ ಅಪ್ಪಣೆಯನ್ನೂ ಬೇಡಬೇಕಿರಲಿಲ್ಲ, ಕೊಟ್ಟವರು ಯಾವ ಹಕ್ಕನ್ನೂ ಕಾದಿರಿಸಿಕೊಳ್ಳಲಿಲ್ಲ. ಈ ತಳಿಗಳನ್ನು ಇಂದಿಗೂ ಜೀವಂತವಾಗಿ ಉಳಿಸುತ್ತಿರುವ ಕೆಲವೇ ರೈತರಿಗೆ ನಾಡು ಸಲ್ಲಿಸಬೇಕಾದ ಕೃತಜ್ಞತೆಯ ಸ್ವರೂಪವೇನು ಎಂಬುದನ್ನು ವಿಚಾರಿಸಿದರೆ, ಮುಕ್ತ ಸಮುದಾಯಗಳೆಲ್ಲಕ್ಕೂ ಅನ್ವಯಿಸುವ ಉತ್ತರವೊಂದು ಸಿಗುತ್ತದೆ: ಸನ್ಮಾನ ಕೃತಜ್ಞತೆಯ ಅತಿ ಚಿಕ್ಕ ಭಾಗ, ಯಾರು, ಎಲ್ಲಿ, ಏನು ಮಾಡಿದರು ಎಂಬ ಸರಿಯಾದ ದಾಖಲೆಯೂ ಆ ಕೆಲಸ ನಿಲ್ಲದಂತೆ ನೋಡಿಕೊಳ್ಳುವ ಏರ್ಪಾಡೂ ಅದರ ದೊಡ್ಡ ಭಾಗ.

ಕಿರುಗಾವಲಿನ ಭತ್ತದ ಭಂಡಾರ

ಕೃಷ್ಣರಾಜಸಾಗರದ ನೀರು ವಿಶ್ವೇಶ್ವರಯ್ಯ ನಾಲೆಯ ಮೂಲಕ ಹರಿದುಬಂದ ಮೇಲೆ ಮಂಡ್ಯ ಜಿಲ್ಲೆಯ ಬಹುಭಾಗ ಭತ್ತ ಮತ್ತು ಕಬ್ಬಿನ ಸೀಮೆಯಾಯಿತು. 1960ರ ದಶಕದ ಕೊನೆಯಲ್ಲಿ ಐಆರ್-8, ಜಯ ಮೊದಲಾದ ಗಿಡ್ಡ ತಳಿಗಳು ಬಂದು, ರಸಗೊಬ್ಬರಕ್ಕೆ ಚೆನ್ನಾಗಿ ಸ್ಪಂದಿಸಿ, ಎಕರೆಗೆ ಹೆಚ್ಚು ಇಳುವರಿ ಕೊಡತೊಡಗಿದಾಗ ರೈತರು ಅವುಗಳ ಕಡೆಗೆ ಹೊರಳಿದ್ದು ಸಹಜವಾಗಿತ್ತು. ಹಸಿವಿನ ಕಾಲದಲ್ಲಿ ಅದು ತಪ್ಪು ಆಯ್ಕೆಯೂ ಆಗಿರಲಿಲ್ಲ. ಆದರೆ ಬಿತ್ತದೆ ಬಿಟ್ಟ ತಳಿ ಕಣಜದಲ್ಲಿ ಕೆಲವೇ ವರ್ಷಗಳಲ್ಲಿ ಸಾಯುತ್ತದೆ. ಹೀಗಾಗಿ ರಾಜಮುಡಿ, ರತ್ನಚೂಡಿ, ಗಂಧಸಾಲೆಯಂಥ ಹೆಸರುಗಳು ಹಿರಿಯರ ಬಾಯಲ್ಲಿ ಉಳಿದು, ಗದ್ದೆಗಳಿಂದ ಮರೆಯಾಗತೊಡಗಿದವು.

ಈ ಹಿನ್ನೆಲೆಯಲ್ಲಿ ಮಳವಳ್ಳಿ ತಾಲ್ಲೂಕಿನ ಕಿರುಗಾವಲಿನ ಸೈಯದ್ ಘನಿ ಖಾನ್ ಅವರ ಕೆಲಸವನ್ನು ನೋಡಬೇಕು. ಟಿಪ್ಪು ಸುಲ್ತಾನನ ಕಾಲದಿಂದ ಬಂದದ್ದೆಂದು ಹೇಳಲಾಗುವ ‘ಬಡಾ ಬಾಗ್’ ಎಂಬ ಮಾವಿನ ತೋಪು ಅವರ ಕುಟುಂಬದ ವಶದಲ್ಲಿದ್ದು, ನೂರಕ್ಕೂ ಹೆಚ್ಚು ಬಗೆಯ ಮಾವು ಅಲ್ಲಿ ಇಂದಿಗೂ ಇದೆ. ವಸ್ತುಸಂಗ್ರಹಾಲಯಗಳ ನಿರ್ವಹಣೆಯನ್ನು ಕುರಿತ ಶಾಸ್ತ್ರವನ್ನು ಓದಿದ್ದ ಖಾನ್ ಅವರು ಬೇಸಾಯಕ್ಕೆ ಮರಳಿದ ಮೇಲೆ ತಮ್ಮ ವಿದ್ಯೆಯನ್ನು ಗದ್ದೆಗೇ ಅನ್ವಯಿಸಿ, ಊರೂರು ಸುತ್ತಿ, ರೈತರಿಂದ ಬೊಗಸೆ ಬೊಗಸೆ ಬಿತ್ತನೆ ಪಡೆದು, ಸಾವಿರಕ್ಕೂ ಹೆಚ್ಚು ಭತ್ತದ ತಳಿಗಳ ಜೀವಂತ ಭಂಡಾರವನ್ನು ಕಟ್ಟಿದರು. ಮಂಡ್ಯ ತಾಲ್ಲೂಕಿನ ಶಿವಳ್ಳಿಯ ಬೋರೇಗೌಡರೂ ಇದೇ ಹಾದಿಯಲ್ಲಿ ನಡೆದು ನಾಟಿ ಭತ್ತಗಳನ್ನು ಕಾಪಾಡಿ ಹಂಚಿದವರು. ಸಹಜ ಸಮೃದ್ಧದಂಥ ಸಂಘಟನೆಗಳು ಇಂಥ ರೈತರನ್ನು ಬೀಜ ಮೇಳಗಳಲ್ಲಿ ಒಂದೆಡೆ ತಂದು, ಕೊಡುವವರಿಗೂ ಕೊಳ್ಳುವವರಿಗೂ ನಡುವೆ ಸೇತುವೆಯಾಗಿವೆ. ಸಮುದಾಯ ಬೀಜ ಬ್ಯಾಂಕುಗಳಲ್ಲಿ ಬಿತ್ತನೆ ಒಯ್ದ ರೈತ ಸುಗ್ಗಿಯ ನಂತರ ಅದರ ಎರಡರಷ್ಟನ್ನೋ ಒಂದೂವರೆಯಷ್ಟನ್ನೋ ಮರಳಿಸಬೇಕೆಂಬ ನಿಯಮ ಸಾಮಾನ್ಯವಾಗಿದ್ದು, ಪಡೆದದ್ದನ್ನು ತಿದ್ದಿ ಬಳಸಿದವರು ಅದನ್ನು ಮತ್ತೆ ಎಲ್ಲರಿಗೂ ತೆರೆದಿಡಬೇಕೆಂಬ ಮುಕ್ತ ತಂತ್ರಾಂಶದ ಪರವಾನಗಿಗಳ ಆಶಯಕ್ಕೆ ಇದು ತೀರ ಹತ್ತಿರದ್ದಾಗಿದೆ.

ಈ ಹೋಲಿಕೆ ಕಲ್ಪನೆಯ ಮಾತಷ್ಟೇ ಆಗಿ ಉಳಿದಿಲ್ಲ. ಅಮೆರಿಕದ ವಿಸ್ಕಾನ್ಸಿನ್ ವಿಶ್ವವಿದ್ಯಾಲಯದ ಜ್ಯಾಕ್ ಕ್ಲೊಪನ್‌ಬರ್ಗ್ ಮೊದಲಾದವರು ಸೇರಿ ಆರಂಭಿಸಿದ ಓಪನ್ ಸೋರ್ಸ್ ಸೀಡ್ ಇನಿಷಿಯೇಟಿವ್ ಎಂಬ ಸಂಸ್ಥೆ 2014ರಲ್ಲಿ ತನ್ನ ಮೊದಲ ತಳಿಗಳನ್ನು ಬಿಡುಗಡೆ ಮಾಡಿ, ಈ ಬೀಜವನ್ನಾಗಲಿ ಇದರಿಂದ ಹುಟ್ಟಿಸಿದ ಬೀಜವನ್ನಾಗಲಿ ಬಳಸದಂತೆ ಯಾರನ್ನೂ ತಡೆಯುವುದಿಲ್ಲ ಎಂಬ ವಾಗ್ದಾನವನ್ನು ಪ್ರತಿಯೊಂದು ಪೊಟ್ಟಣದ ಜೊತೆ ಕಳಿಸಿತು. ಹೈದರಾಬಾದಿನ ಸೆಂಟರ್ ಫಾರ್ ಸಸ್ಟೈನಬಲ್ ಅಗ್ರಿಕಲ್ಚರ್ ಕೂಡ ಭಾರತದ ರೈತರಿಗೆ ಹೊಂದುವ ಮುಕ್ತ ಬೀಜ ವ್ಯವಸ್ಥೆಯೊಂದನ್ನು ರೂಪಿಸುವ ಕೆಲಸದಲ್ಲಿ ತೊಡಗಿದೆ.

ಕಣ್ಣಿಗೆ ಬೀಳದ ದುಡಿಮೆ

ಸಾವಿರ ತಳಿಗಳನ್ನು ಉಳಿಸುವುದೆಂದರೆ ಸಾವಿರ ಡಬ್ಬಿಗಳಲ್ಲಿ ಕಾಳು ತುಂಬಿಡುವುದಲ್ಲ. ಸಾಧಾರಣ ಹವೆಯಲ್ಲಿಟ್ಟ ಭತ್ತದ ಬೀಜದ ಮೊಳೆಯುವ ಶಕ್ತಿ ಒಂದೆರಡು ವರ್ಷಗಳಲ್ಲೇ ಕುಗ್ಗುವುದರಿಂದ ಅದನ್ನು ಮತ್ತೆ ಮತ್ತೆ ನೆಲಕ್ಕಿಳಿಸಬೇಕು. ನಾಲೆಗೆ ನೀರು ಬಿಟ್ಟ ಮೇಲೆ ಒಂದೊಂದು ತಳಿಗೂ ಬೇರೆ ಬೇರೆ ಒಟ್ಟಲು, ಅಂದರೆ ಸಸಿಮಡಿ, ಹಾಕಬೇಕು. ಯಾವ ಮಡಿಯಲ್ಲಿ ಯಾವ ತಳಿ ಎಂಬ ಗುರುತಿನ ಕಡ್ಡಿ ನೆಡಬೇಕು. ಪೈರನ್ನು ಕಿತ್ತು ಪುಟ್ಟ ಪುಟ್ಟ ತಾಕುಗಳಲ್ಲಿ ಒಂದರದ್ದು ಇನ್ನೊಂದಕ್ಕೆ ಸೇರದಂತೆ ನಾಟಿ ಮಾಡಬೇಕು. ಹೊಡೆ ಬಂದು ತೆನೆ ಹಾಯುವ ಹೊತ್ತಿಗೆ ತಾಕು ತಾಕಿಗೂ ಇಳಿದು, ಎತ್ತರದಲ್ಲಿ, ಎಲೆಯ ಬಣ್ಣದಲ್ಲಿ, ಕಾಳಿನ ತುದಿಯ ಮೀಸೆಯಲ್ಲಿ ಉಳಿದವುಗಳಿಗಿಂತ ಭಿನ್ನವಾಗಿ ಕಾಣುವ ಬೆರಕೆ ಗಿಡಗಳನ್ನು ಕಿತ್ತೆಸೆಯಬೇಕು. ಭತ್ತದಲ್ಲಿ ಪರಕೀಯ ಪರಾಗಸ್ಪರ್ಶ ಬಹಳ ಕಡಿಮೆಯಾದರೂ ಇಲ್ಲವೆನ್ನುವಂತಿಲ್ಲ. ಕೊಯ್ಲಿನಲ್ಲಿ ಹೆಚ್ಚು ಕಾಳು ಕಟ್ಟಿದ, ರೋಗ ತಗುಲದ ತೆನೆಗಳನ್ನು ಕೈಯಿಂದಲೇ ಆರಿಸಿ, ಒಂದೊಂದು ಕಟ್ಟನ್ನೂ ಬೇರೆ ಬೇರೆಯಾಗಿ ಬಡಿದು, ಜೊಳ್ಳು ತೂರಿ, ಒಣಗಿಸಿ, ಹೆಸರು ಬರೆದು ಎತ್ತಿಡಬೇಕು. ಕಣದಲ್ಲಿ ಒಂದು ಹಿಡಿ ಕಾಳು ಬೆರೆತರೂ ವರ್ಷಗಳ ಶ್ರಮ ಕೆಟ್ಟಂತೆಯೇ.

ಇಷ್ಟು ಕೆಲಸವನ್ನು ಒಬ್ಬನೇ ಮನುಷ್ಯ ಮಾಡುವುದು ಸಾಧ್ಯವಿಲ್ಲವಾದ್ದರಿಂದ, ಪ್ರತಿಯೊಬ್ಬ ಬೀಜರಕ್ಷಕನ ಹೆಸರಿನ ಹಿಂದೆ ಒಂದು ಕುಟುಂಬವೂ ಒಂದಷ್ಟು ಆಳುಕಾಳುಗಳೂ ಇರುತ್ತಾರೆ. ತೆನೆ ಆರಿಸುವುದು, ಬೂದಿಯನ್ನೋ ಬೇವಿನ ಎಲೆಯನ್ನೋ ಬೆರೆಸಿ ಬಿತ್ತನೆ ಕಾಯುವುದು, ಯಾವ ಅಕ್ಕಿ ಮುದ್ದೆಯ ಜೊತೆಗಿನ ಅನ್ನಕ್ಕೆ, ಯಾವುದು ಬಾಣಂತಿಗೆ, ಯಾವುದು ಹಬ್ಬದ ಪಾಯಸಕ್ಕೆ ಎಂಬ ತಿಳಿವಳಿಕೆಯನ್ನು ಮುಂದಿನವರಿಗೆ ದಾಟಿಸುವುದು ಹಳ್ಳಿಗಳಲ್ಲಿ ಬಹುಮಟ್ಟಿಗೆ ಹೆಂಗಸರು ನಡೆಸಿಕೊಂಡು ಬಂದ ಕೆಲಸ. ಆದರೆ ಪಹಣಿಯಲ್ಲಿ ಗಂಡಸಿನ ಹೆಸರಿರುವುದೇ ಹೆಚ್ಚಾದ್ದರಿಂದ ಪ್ರಶಸ್ತಿಪತ್ರದಲ್ಲೂ ಅದೇ ಹೆಸರು ಬರುತ್ತದೆ. ಅಕ್ಕಿ ಕೊಂಡು ಉಂಡು, ಇದು ರುಚಿಯಾಗಿದೆ, ಇದು ಬೇಯಲು ಹೊತ್ತು ಹಿಡಿಯುತ್ತದೆ ಎಂದು ಬಂದು ಹೇಳುವ ಗಿರಾಕಿಯೂ, ಬೇರೆ ಊರಿನ ನೆಲದಲ್ಲಿ ಬಿತ್ತಿ ನೋಡಿ ಫಲಿತಾಂಶ ತಿಳಿಸುವ ಸಣ್ಣ ರೈತನೂ ತಳಿಯ ಉಳಿವಿಗೆ ಕೊಡುಗೆ ಕೊಟ್ಟವರೇ. ಅವರು ಯಾವ ಪಟ್ಟಿಯಲ್ಲೂ ಕಾಣುವುದಿಲ್ಲ.

ತಂತ್ರಾಂಶ ಸಮುದಾಯಗಳು ಈ ದೋಷವನ್ನು ತಮ್ಮೊಳಗೆ ಕಂಡುಕೊಂಡು, ತಿದ್ದಿಕೊಳ್ಳುವ ದಾರಿಗಳನ್ನು ಹುಡುಕಿವೆ. 2005ರಲ್ಲಿ ಟೊರ್ವಾಲ್ಡ್ಸ್ ರೂಪಿಸಿದ ಗಿಟ್ ಎಂಬ ಸಾಧನವು ತಂತ್ರಾಂಶದ ಒಂದೊಂದು ಸಾಲಿನ ಬದಲಾವಣೆಯನ್ನೂ ಯಾರು, ಯಾವಾಗ, ಯಾಕೆ ಮಾಡಿದರೆಂಬುದರೊಡನೆ ದಾಖಲಿಸುತ್ತದೆ. ಬರೆದವರ ಹೆಸರನ್ನೂ ಅದನ್ನು ಒಪ್ಪಿ ಸೇರಿಸಿದವರ ಹೆಸರನ್ನೂ ಅದು ಬೇರೆ ಬೇರೆಯಾಗಿ ಇಡುತ್ತದೆ. ಲಿನಕ್ಸ್ ಸಮುದಾಯ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ದೋಷವನ್ನು ಮೊದಲು ತಿಳಿಸಿದವರು, ತಿದ್ದುಪಡಿಯನ್ನು ಪರೀಕ್ಷಿಸಿ ನೋಡಿದವರು, ಓದಿ ಪರಿಶೀಲಿಸಿದವರು, ಬರೀ ಸಲಹೆ ಕೊಟ್ಟವರು ಎಲ್ಲರ ಹೆಸರನ್ನೂ ಪ್ರತ್ಯೇಕ ಸಾಲುಗಳಲ್ಲಿ ನಮೂದಿಸುವ ಪದ್ಧತಿಯನ್ನು ಇಟ್ಟುಕೊಂಡಿದೆ. ಒಂದೂ ಸಾಲು ಬರೆಯದವನ ಹೆಸರೂ ಅಲ್ಲಿ ಶಾಶ್ವತವಾಗಿ ಉಳಿಯುತ್ತದೆ. 2021ರಲ್ಲಿ ಇಂಜೆನ್ಯುಯಿಟಿ ಎಂಬ ಪುಟ್ಟ ಹೆಲಿಕಾಪ್ಟರ್ ಮಂಗಳ ಗ್ರಹದಲ್ಲಿ ಹಾರಿದಾಗ, ಅದರಲ್ಲಿ ಬಳಕೆಯಾದ ಮುಕ್ತ ತಂತ್ರಾಂಶಗಳಿಗೆ ಕೊಡುಗೆ ಕೊಟ್ಟಿದ್ದ ಸುಮಾರು 12 ಸಾವಿರ ಜನರನ್ನು ಹೆಸರು ಹಿಡಿದು ಗುರುತಿಸಲು, ತಂತ್ರಾಂಶಗಳ ಮೂಲ ಬರಹವನ್ನು ಇರಿಸುವ ಗಿಟ್‌ಹಬ್ ಜಾಲತಾಣಕ್ಕೆ ಸಾಧ್ಯವಾದದ್ದು ಇಂಥ ದಾಖಲೆಯ ಬಲದಿಂದಲೇ.

ಕನ್ನಡದಲ್ಲಿಯೂ ಇದಕ್ಕೆ ನಿದರ್ಶನಗಳಿವೆ. ವಿ. ಕೃಷ್ಣ ಅವರು ನಾಲ್ಕು ದಶಕಗಳ ಕಾಲ ಒಬ್ಬರೇ ಕುಳಿತು ಸಿದ್ಧಪಡಿಸಿದ, ಒಂದೂವರೆ ಲಕ್ಷಕ್ಕೂ ಹೆಚ್ಚು ಪದಗಳ ಕನ್ನಡ–ಇಂಗ್ಲಿಷ್ ನಿಘಂಟು 2019ರಲ್ಲಿ ‘ಅಲರ್’ ಎಂಬ ಹೆಸರಿನಲ್ಲಿ ಮುಕ್ತ ಪರವಾನಗಿಯಡಿ ಪ್ರಕಟವಾದಾಗ, ಅದನ್ನು ಯಾರು ಬೇಕಾದರೂ ತಮ್ಮ ತಂತ್ರಾಂಶದಲ್ಲಿ ಬಳಸಿಕೊಳ್ಳಬಹುದೆಂಬ ಸ್ವಾತಂತ್ರ್ಯದ ಜೊತೆಯಲ್ಲೇ ಅವರ ಹೆಸರೂ ಪ್ರಯಾಣ ಮಾಡುವಂತಾಯಿತು. 2003ರಲ್ಲಿ ಆರಂಭವಾದ ಕನ್ನಡ ವಿಕಿಪೀಡಿಯದಲ್ಲಿ ಒಂದು ಕಾಗುಣಿತ ತಿದ್ದಿದವರ ಕೊಡುಗೆಯೂ ಲೇಖನದ ಇತಿಹಾಸದ ಪುಟದಲ್ಲಿ ಅಳಿಯದೆ ನಿಲ್ಲುತ್ತದೆ. ದಾನ ಕೊಟ್ಟ ಮೇಲೆ ಹೆಸರು ಬಿಟ್ಟುಹೋಗಬೇಕೆಂಬ ಕಟ್ಟುಪಾಡು ಮುಕ್ತ ಪದ್ಧತಿಯಲ್ಲಿ ಇಲ್ಲ. ಹೆಚ್ಚಿನ ಮುಕ್ತ ಪರವಾನಗಿಗಳು ಎಲ್ಲವನ್ನೂ ಬಿಟ್ಟುಕೊಟ್ಟರೂ ಕರ್ತೃವಿನ ಹೆಸರನ್ನು ಅಳಿಸುವ ಹಕ್ಕನ್ನು ಮಾತ್ರ ಬಿಟ್ಟುಕೊಡುವುದಿಲ್ಲ.

ಆತಕೂರಿನ ಕಲ್ಲು ಹೇಳುವ ಮಾತು

ದಾಖಲೆಯೇ ಕೃತಜ್ಞತೆ ಎಂಬ ಈ ತಿಳಿವಳಿಕೆ ಮದ್ದೂರು ಸೀಮೆಗೆ ಹೊರಗಿನಿಂದ ಬರಬೇಕಾದದ್ದಲ್ಲ. ಮದ್ದೂರು ತಾಲ್ಲೂಕಿನ ಆತಕೂರಿನಲ್ಲಿ ದೊರೆತ, ಕ್ರಿ.ಶ. 949–50ರ ವೀರಗಲ್ಲು ಕನ್ನಡದ ಪ್ರಸಿದ್ಧ ಶಾಸನಗಳಲ್ಲಿ ಒಂದು. ಅದನ್ನು ಈಗ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿ ಇರಿಸಲಾಗಿದೆ. ರಾಷ್ಟ್ರಕೂಟರ ಮೂರನೆಯ ಕೃಷ್ಣನೂ ಗಂಗರ ಇಮ್ಮಡಿ ಬೂತುಗನೂ ಸೇರಿ ತಕ್ಕೋಲದಲ್ಲಿ ಚೋಳ ರಾಜಾದಿತ್ಯನನ್ನು ಸೋಲಿಸಿದ ಕಾಲದ ಈ ಶಾಸನದ ಪ್ರಕಾರ, ಆ ಯುದ್ಧದಲ್ಲಿ ಕಾದಿದ ಮಣಲೇರನೆಂಬ ವೀರನನ್ನು ಮೆಚ್ಚಿದ ಅರಸ, ಬೇಕಾದ್ದನ್ನು ಬೇಡಿಕೊ ಎಂದಾಗ, ಅವನು ಕಾಳಿಯೆಂಬ ಬೇಟೆನಾಯಿಯನ್ನು ಬೇಡಿ ಪಡೆದ. ಮುಂದೆ ಆ ನಾಯಿ ಗುಡ್ಡವೊಂದರಲ್ಲಿ ದೊಡ್ಡ ಹಂದಿಯೊಡನೆ ಹೋರಾಡಿ, ಹಂದಿಯೂ ನಾಯಿಯೂ ಒಟ್ಟಿಗೆ ಸತ್ತಾಗ, ಆತಕೂರಿನ ಚಲ್ಲೇಶ್ವರ ದೇಗುಲದ ಎದುರು ಕಾಳಿಯ ಹೆಸರಿನಲ್ಲಿ ಕಲ್ಲು ನಿಲ್ಲಿಸಲಾಯಿತು.

ಈ ಶಾಸನದ ರಚನೆಯನ್ನು ಗಮನಿಸಿದರೆ ಕೃತಜ್ಞತೆಗೆ ಬೇಕಾದ ಮೂರು ಅಂಗಗಳು ಅಲ್ಲಿ ಸ್ಪಷ್ಟವಾಗಿ ಕಾಣುತ್ತವೆ. ಮೊದಲನೆಯದಾಗಿ, ಕೆಲಸ ಮಾಡಿದ ಜೀವ ನಾಯಿಯಾದರೂ ಅದರ ಹೆಸರನ್ನೂ ಅದು ಮಾಡಿದ ಕೆಲಸವನ್ನೂ ಸಾಮಾನ್ಯ ಹೊಗಳಿಕೆಯಲ್ಲಿ ಕರಗಿಸದೆ ನಿರ್ದಿಷ್ಟವಾಗಿ ಬರೆಯಲಾಗಿದೆ. ಎರಡನೆಯದಾಗಿ, ಕಲ್ಲನ್ನು ಅರಮನೆಯ ಅಂಗಳದಲ್ಲಿ ಇಡದೆ ಊರಿನ ಜನ ದಿನವೂ ಬರುವ ದೇಗುಲದ ಮುಂದೆ ನೆಡಲಾಗಿದೆ. ಮೂರನೆಯದು ಎಲ್ಲಕ್ಕಿಂತ ಮುಖ್ಯವಾದದ್ದು: ಕಲ್ಲಿನ ಪೂಜೆ ನಡೆಯುತ್ತಿರಲೆಂದು ಭೂಮಿಯನ್ನು ಬಿಟ್ಟು, ಪೂಜೆ ಮಾಡದೆ ಉಂಡ ಸ್ಥಾನಿಕನಿಗೆ ಪಾಪ ತಟ್ಟುವುದೆಂಬ ಎಚ್ಚರಿಕೆಯನ್ನೂ ಬರೆದು, ನೆನಪನ್ನು ಕಾಯುವ ಹೊಣೆಯನ್ನು ಒಬ್ಬರ ಮೇಲೆ ಹೊರಿಸಲಾಗಿದೆ. ಹೆಸರು, ಎಲ್ಲರ ಕಣ್ಣಿಗೆ ಬೀಳುವ ಜಾಗ, ಮುಂದುವರಿಕೆಯ ಏರ್ಪಾಡು ಎಂಬ ಈ ಮೂರರಲ್ಲಿ ಒಂದು ಇಲ್ಲವಾದರೂ ಮನ್ನಣೆ ಅರೆಯಾಗಿಯೇ ಉಳಿಯುತ್ತದೆ. ಫೈರ್‌ಫಾಕ್ಸ್ ಬ್ರೌಸರನ್ನು ರೂಪಿಸಿದ ಮೊಜಿಲ್ಲಾ ಸಂಸ್ಥೆಯು ಸುಮಾರು ಹತ್ತು ಶತಮಾನಗಳ ನಂತರ ಸ್ಯಾನ್ ಫ್ರಾನ್ಸಿಸ್ಕೊದ ತನ್ನ ಕಚೇರಿಯ ಮುಂದೆ 4 ಸಾವಿರಕ್ಕೂ ಹೆಚ್ಚು ಕೊಡುಗೆದಾರರ ಹೆಸರುಗಳನ್ನು ಕೆತ್ತಿಸಿದ ಸ್ತಂಭವನ್ನು ನಿಲ್ಲಿಸಿದಾಗ, ತಿಳಿದೋ ತಿಳಿಯದೆಯೋ ಇದೇ ಸಂಪ್ರದಾಯಕ್ಕೆ ಸೇರಿಕೊಂಡಿತು.

ಹೆಸರು ತಪ್ಪಿದಾಗ

ಹೆಸರಿಲ್ಲದ ದಾನದಿಂದ ಆಗುವ ನಷ್ಟಕ್ಕೆ ಭತ್ತದ ಚರಿತ್ರೆಯಲ್ಲೇ ನಿದರ್ಶನವಿದೆ. ಮಹಾರಾಷ್ಟ್ರದ ಚಂದ್ರಪುರ ಜಿಲ್ಲೆಯ ದಾದಾಜಿ ಖೋಬ್ರಾಗಡೆ ಎಂಬ ಬಡ ರೈತರು 1980ರ ದಶಕದಲ್ಲಿ ತಮ್ಮ ಗದ್ದೆಯಲ್ಲಿ ಉಳಿದವುಗಳಿಗಿಂತ ಬೇರೆಯಾಗಿ ಕಂಡ ಕೆಲವು ತೆನೆಗಳನ್ನು ಎತ್ತಿಟ್ಟು, ವರ್ಷ ವರ್ಷವೂ ಬಿತ್ತಿ ಆರಿಸಿ, ಸಣ್ಣ ಕಾಳಿನ ಸೊಗಸಾದ ತಳಿಯೊಂದನ್ನು ನೆಲೆಗೊಳಿಸಿದರು. ಆಗ ಜನಪ್ರಿಯವಾಗಿದ್ದ ಕೈಗಡಿಯಾರದ ಹೆಸರನ್ನೇ ಹೊತ್ತು ‘ಎಚ್‌ಎಂಟಿ’ ಭತ್ತವೆಂದು ಪ್ರಸಿದ್ಧವಾದ ಆ ತಳಿ ಹಲವು ರಾಜ್ಯಗಳಿಗೆ ಹಬ್ಬಿತು. ಅದೇ ಬೀಜವನ್ನು ಕೃಷಿ ವಿಶ್ವವಿದ್ಯಾಲಯವೊಂದು ಶುದ್ಧೀಕರಿಸಿ ತನ್ನ ಹೆಸರಿನ ಮೊದಲಕ್ಷರಗಳೊಂದಿಗೆ ಬಿಡುಗಡೆ ಮಾಡಿದಾಗ ಮೂಲ ರೈತನಿಗೆ ಸಲ್ಲಬೇಕಾದ ಮನ್ನಣೆ ಸಲ್ಲಲಿಲ್ಲವೆಂಬ ವಿವಾದ ಎದ್ದಿತು. ರಾಷ್ಟ್ರೀಯ ನಾವೀನ್ಯ ಪ್ರತಿಷ್ಠಾನದ ಗೌರವ ದೊರೆತದ್ದು ಅವರಿಗೆ ಬಹಳ ತಡವಾಗಿ. 2018ರಲ್ಲಿ ತೀರಿಕೊಳ್ಳುವವರೆಗೂ ಅವರು ಬಡತನದಲ್ಲೇ ಇದ್ದರು.

ಇಂಥ ಅನ್ಯಾಯವನ್ನು ತಡೆಯಲು ಭಾರತದಲ್ಲಿ ಕಾನೂನಿನ ಆಧಾರವೂ ಇದೆ. 2001ರ ಸಸ್ಯ ತಳಿಗಳ ರಕ್ಷಣೆ ಮತ್ತು ರೈತರ ಹಕ್ಕುಗಳ ಕಾಯ್ದೆಯು ಬೀಜವನ್ನು ಉಳಿಸುವ, ಮತ್ತೆ ಬಿತ್ತುವ, ವಿನಿಮಯ ಮಾಡುವ, ಮಾರುವ ರೈತರ ಹಕ್ಕನ್ನು ಒಪ್ಪಿಕೊಳ್ಳುತ್ತದೆ. ಸಂರಕ್ಷಿತ ತಳಿಯ ಬೀಜವನ್ನು ಬ್ರ್ಯಾಂಡ್ ಹೆಸರಿನಲ್ಲಿ ಮಾರುವಂತಿಲ್ಲ ಎಂಬುದಷ್ಟೇ ಅದರ ಮಿತಿ. ಹೊಸ ತಳಿಯ ನೋಂದಣಿಗೆ ಅರ್ಜಿ ಹಾಕುವ ಕಂಪನಿಯಾಗಲಿ ಸಂಸ್ಥೆಯಾಗಲಿ ಅದರ ಮೂಲ ಬೀಜ ಎಲ್ಲಿಂದ ಬಂತು, ಅದರಲ್ಲಿ ಯಾವ ರೈತನ ಅಥವಾ ಹಳ್ಳಿಯ ಕೊಡುಗೆ ಇದೆ ಎಂಬುದನ್ನು ಹೇಳಬೇಕೆಂದೂ ಅದು ವಿಧಿಸುತ್ತದೆ. ನಾಟಿ ತಳಿಗಳನ್ನು ಕಾಪಾಡಿದವರಿಗೆ ರಾಷ್ಟ್ರೀಯ ಜೀನ್ ನಿಧಿಯಿಂದ ‘ಪ್ಲಾಂಟ್ ಜಿನೋಮ್ ಸೇವಿಯರ್’ ಪ್ರಶಸ್ತಿಗಳನ್ನು ಕೊಡುವ ಪದ್ಧತಿ ಈ ಕಾಯ್ದೆಯಿಂದಲೇ ಬಂದದ್ದು; ಸಮುದಾಯಕ್ಕೆ 10 ಲಕ್ಷ ರೂಪಾಯಿ, ರೈತರಿಗೆ ಎರಡು ದರ್ಜೆಗಳಲ್ಲಿ ಒಂದೂವರೆ ಲಕ್ಷ ಮತ್ತು ಒಂದು ಲಕ್ಷ ರೂಪಾಯಿ ಅದರ ಮೊತ್ತ. ರೈತನನ್ನು ಬೀಜದ ಬರೀ ಬಳಕೆದಾರನೆಂದಲ್ಲದೆ ಅದರ ಕರ್ತೃವೆಂದೂ ಕಾಣುವ ಈ ಕಾಯ್ದೆ ನಿಜಕ್ಕೂ ದೊಡ್ಡದು. ಆದರೆ ಮೂಲ ಬೀಜ ಯಾರದ್ದೆಂದು ಹೇಳಬೇಕಾದರೆ ಯಾರದ್ದೆಂದು ಎಲ್ಲೋ ಬರೆದಿರಬೇಕು. ಹಳ್ಳಿಯ ಮಟ್ಟದಲ್ಲಿ ಅಂಥ ಬರಹ ಇಲ್ಲದಿದ್ದರೆ ಕಾನೂನು ಕೊಟ್ಟ ಹಕ್ಕು ಕೈಗೆ ಸಿಗುವುದಿಲ್ಲ.

ಬಹುಮಾನದ ಬಲ ಮತ್ತು ಮಿತಿ

ಬಹುಮಾನಗಳು ಬೇಡವೆಂದು ಇದರ ಅರ್ಥವಲ್ಲ. ಅಮೆರಿಕದ ಸ್ಟೋನಿ ಬ್ರೂಕ್ ವಿಶ್ವವಿದ್ಯಾಲಯದ ಇಬ್ಬರು ಸಮಾಜವಿಜ್ಞಾನಿಗಳು 2012ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಇಂಗ್ಲಿಷ್ ವಿಕಿಪೀಡಿಯದ ಅತ್ಯಂತ ಚಟುವಟಿಕೆಯ ಸಂಪಾದಕರಲ್ಲಿ ಚೀಟಿ ಎತ್ತಿದಂತೆ ಆರಿಸಿದ 100 ಮಂದಿಗೆ ‘ಬಾರ್ನ್‌ಸ್ಟಾರ್’ ಎಂಬ ನಕ್ಷತ್ರಾಕಾರದ ಮೆಚ್ಚುಗೆಯ ಚಿತ್ರವನ್ನು ಕೊಟ್ಟು, ಕೊಡದವರೊಡನೆ ಹೋಲಿಸಿ ನೋಡಿದರು. ಚಿಕ್ಕಾಸಿನ ಬೆಲೆಯೂ ಇಲ್ಲದ ಆ ಗುರುತನ್ನು ಪಡೆದವರು ಮುಂದಿನ ಮೂರು ತಿಂಗಳಲ್ಲಿ ಉಳಿದವರಿಗಿಂತ ಶೇಕಡ 60ರಷ್ಟು ಹೆಚ್ಚು ಕೆಲಸ ಮಾಡಿದರು. ಜರ್ಮನ್ ವಿಕಿಪೀಡಿಯದಲ್ಲಿ ಹೊಸಬರಿಗೆ ಇಂಥದೇ ಗೌರವ ಕೊಟ್ಟು ನೋಡಿದ ಯಾನಾ ಗಾಲುಸ್ ಅವರ ಅಧ್ಯಯನ 2017ರಲ್ಲಿ ಪ್ರಕಟವಾಗಿದ್ದು, ಗೌರವ ಪಡೆದ ಹೊಸಬರು ಮುಂದಿನ ತಿಂಗಳು ಸಮುದಾಯದಲ್ಲೇ ಉಳಿಯುವ ಪ್ರಮಾಣ ಶೇಕಡ 20ರಷ್ಟು ಹೆಚ್ಚಿತೆಂದು ಅದು ತೋರಿಸಿತು. ಸಕಾಲದಲ್ಲಿ, ಕೆಲಸ ಬಲ್ಲವರ ಬಾಯಿಂದ ಬಂದ ಒಂದು ಒಳ್ಳೆಯ ಮಾತಿಗೆ ಎಷ್ಟು ಶಕ್ತಿಯಿದೆಯೆಂಬುದಕ್ಕೆ ಇವು ಸಾಕ್ಷಿ.

ಅದೇ ಬಹುಮಾನ ಕೆಲಸದ ಗುಣಕ್ಕೆ ಬದಲಾಗಿ ಎಣಿಕೆಗೆ ಸಲ್ಲತೊಡಗಿದರೆ ಫಲ ತಿರುಗಿಬೀಳುತ್ತದೆ. ಪ್ರತಿ ಅಕ್ಟೋಬರಿನಲ್ಲಿ ನಡೆಯುವ ಹ್ಯಾಕ್ಟೋಬರ್‌ಫೆಸ್ಟ್ ಎಂಬ ಅಭಿಯಾನದಲ್ಲಿ, ಮುಕ್ತ ತಂತ್ರಾಂಶಗಳಿಗೆ ನಿಗದಿತ ಸಂಖ್ಯೆಯ ತಿದ್ದುಪಡಿ ಕಳಿಸಿದವರಿಗೆ ಟಿ-ಶರ್ಟ್ ಕೊಡಲಾಗುತ್ತಿತ್ತು. 2020ರಲ್ಲಿ ಅಂಗಿಯ ಆಸೆಗೆ ಅರ್ಥವಿಲ್ಲದ ತಿದ್ದುಪಡಿಗಳ ಮಳೆಯೇ ಸುರಿದು, ಅವನ್ನು ನೋಡಿ ತಿರಸ್ಕರಿಸುವ ಹೊರೆ ಸ್ವಯಂಸೇವಕರ ಮೇಲೆಯೇ ಬಿದ್ದದ್ದರಿಂದ, ಒಪ್ಪಿಗೆ ಕೊಟ್ಟ ಯೋಜನೆಗಳಿಗೆ ಮಾತ್ರ ಅಭಿಯಾನ ಸೀಮಿತವೆಂದು ಸಂಘಟಕರು ನಿಯಮ ಬದಲಿಸಬೇಕಾಯಿತು. ಎಷ್ಟು ತಳಿ ಸಂಗ್ರಹಿಸಿದ್ದಾರೆಂಬ ಸಂಖ್ಯೆಯನ್ನೇ ಮಾನದಂಡ ಮಾಡಿಕೊಂಡರೆ ಬೀಜರಕ್ಷಣೆಗೂ ಇದೇ ಗತಿಯಾದೀತು. ಹತ್ತು ತಳಿಗಳನ್ನು ಬೆರಕೆಯಿಲ್ಲದೆ ಉಳಿಸಿ ನೂರು ಜನರಿಗೆ ಹಂಚಿದವರ ಕೊಡುಗೆ, ಡಬ್ಬಿ ತುಂಬಿಟ್ಟು ಪ್ರದರ್ಶನಕ್ಕಿಟ್ಟವರ ಕೊಡುಗೆಗಿಂತ ದೊಡ್ಡದು.

ಬಹುಮಾನ ಕೆಲಸಕ್ಕೇ ಮರಳಿದಾಗ ಹೇಗಿರುತ್ತದೆಂಬುದಕ್ಕೆ ಮಳವಳ್ಳಿ ತಾಲ್ಲೂಕಿನ ದಾಸನದೊಡ್ಡಿಯ ಕಾಮೇಗೌಡರ ಬದುಕು ನಿದರ್ಶನ. ಕುಂದೂರು ಬೆಟ್ಟದಲ್ಲಿ ಕುರಿ ಮೇಯಿಸುತ್ತ, ಬಾಯಾರಿದ ಪ್ರಾಣಿ ಪಕ್ಷಿಗಳಿಗೆಂದು ದಶಕಗಳ ಕಾಲ ಒಂದೊಂದಾಗಿ ಕಟ್ಟೆಗಳನ್ನು ತೋಡಿದ ಅವರನ್ನು ‘ಕೆರೆ ಕಾಮೇಗೌಡ’ ಎಂದೇ ಜನ ಕರೆದರು. 2020ರ ಜೂನ್ 28ರ ಬಾನುಲಿ ಭಾಷಣದಲ್ಲಿ ಪ್ರಧಾನಿಯವರು ಅವರ ಹೆಸರು ಹೇಳಿದ ಮೇಲೆ ದೇಶಕ್ಕೆಲ್ಲ ಪರಿಚಿತರಾದರು. ಪ್ರಶಸ್ತಿಗಳಿಂದ ಬಂದ ಹಣವನ್ನೂ ಅವರು ಕಟ್ಟೆಗಳಿಗೇ ಸುರಿದರು. 2022ರಲ್ಲಿ ಅವರು ತೀರಿಕೊಂಡ ಮೇಲೆ ಉಳಿದದ್ದು ಕಠಿಣವಾದ ಪ್ರಶ್ನೆ: ಒಬ್ಬ ವ್ಯಕ್ತಿಗೆ ಹಾರ ಹಾಕಿದ ಸಮಾಜ, ಆ ವ್ಯಕ್ತಿ ಬಿಟ್ಟುಹೋದ ಕಟ್ಟೆಗಳ ಹೂಳೆತ್ತುವ ಹೊಣೆಯನ್ನು ಯಾರಿಗೆ ವಹಿಸಿದೆ?

ಹೊರೆ ಹಂಚಿಕೊಳ್ಳುವ ಕೃತಜ್ಞತೆ

ತಂತ್ರಾಂಶ ಲೋಕಕ್ಕೂ ಇದೇ ಪ್ರಶ್ನೆ ಪೆಟ್ಟಿನ ರೂಪದಲ್ಲಿ ಎದುರಾಗಿದೆ. ಅಂತರಜಾಲದ ಸಂಪರ್ಕವನ್ನು ಸುರಕ್ಷಿತಗೊಳಿಸುವ, ಬ್ಯಾಂಕುಗಳೂ ಸರ್ಕಾರಗಳೂ ನೆಚ್ಚಿಕೊಂಡಿದ್ದ ಓಪನ್‌ಎಸ್‌ಎಸ್‌ಎಲ್ ಎಂಬ ತಂತ್ರಾಂಶದಲ್ಲಿ 2014ರಲ್ಲಿ ‘ಹಾರ್ಟ್‌ಬ್ಲೀಡ್’ ಎಂಬ ಗಂಭೀರ ದೋಷ ಪತ್ತೆಯಾದಾಗ, ಅದನ್ನು ನೋಡಿಕೊಳ್ಳುತ್ತಿದ್ದವರು ಬೆರಳೆಣಿಕೆಯ ಜನರೆಂದೂ, ಅವರಿಗೆ ವರ್ಷಕ್ಕೆ ಬರುತ್ತಿದ್ದ ದೇಣಿಗೆ ಸುಮಾರು 2 ಸಾವಿರ ಡಾಲರ್ ಮಾತ್ರವೆಂದೂ ಬೆಳಕಿಗೆ ಬಂತು. 2024ರಲ್ಲಿ ಎಕ್ಸ್‌ಝಡ್ ಎಂಬ ಮತ್ತೊಂದು ತಂತ್ರಾಂಶದಲ್ಲಿ, ಒಬ್ಬಂಟಿಯಾಗಿ ದುಡಿದು ದಣಿದಿದ್ದ ಸ್ವಯಂಸೇವಕನಿಗೆ ನೆರವಾಗುವ ನೆಪದಲ್ಲಿ ಒಳಹೊಕ್ಕ ಅಪರಿಚಿತರು ಕಳ್ಳದಾರಿಯೊಂದನ್ನು ಇಟ್ಟುಹೋದದ್ದು ಪತ್ತೆಯಾಯಿತು. ಧನ್ಯವಾದ ಹೇಳಿದವರಿಗೆ ಅಲ್ಲಿ ಕೊರತೆಯಿರಲಿಲ್ಲ. ಹೆಗಲು ಕೊಡುವವರ ಕೊರತೆಯಿತ್ತು.

ಹೆಗಲು ಕೊಡುವ ಪದ್ಧತಿಯೊಂದು ಮಂಡ್ಯ ಸೀಮೆಯ ಹಳ್ಳಿಗಳಿಗೆ ಹೊಸದಲ್ಲ. ನಾಟಿ, ಕೊಯ್ಲುಗಳ ಕಾಲದಲ್ಲಿ ಒಂದು ಮನೆಯವರು ಇನ್ನೊಂದು ಮನೆಯವರ ಗದ್ದೆಗೆ ಕೂಲಿಯಿಲ್ಲದೆ ಹೋಗಿ ದುಡಿದು, ಆ ಮನೆಯವರು ಅಷ್ಟೇ ದಿನ ಬಂದು ಇವರ ಗದ್ದೆಯಲ್ಲಿ ದುಡಿಯುವ ಮುಯ್ಯಾಳು ಪದ್ಧತಿಯಲ್ಲಿ, ಕೆಲಸದ ಋಣವನ್ನು ಕೆಲಸದಿಂದಲೇ ತೀರಿಸಲಾಗುತ್ತದೆ. ಸಾವಿರ ತಾಕುಗಳ ಬೆರಕೆ ತೆಗೆಯುವ ವಾರದಲ್ಲಿ ನಾಲ್ಕು ಜನ ಬಂದು ಗದ್ದೆಗಿಳಿದರೆ, ಅದು ಬೀಜರಕ್ಷಕನಿಗೆ ವೇದಿಕೆಯ ಮೇಲಿನ ಶಾಲಿಗಿಂತ ದೊಡ್ಡ ಮರ್ಯಾದೆ.

ಇದಕ್ಕೆ ಬೇಕಾದ ಸಂಸ್ಥೆಗಳು ಜಿಲ್ಲೆಯಲ್ಲೇ ಇವೆ. 2002ರ ಜೀವವೈವಿಧ್ಯ ಕಾಯ್ದೆಯ ಪ್ರಕಾರ ಪ್ರತಿ ಗ್ರಾಮ ಪಂಚಾಯಿತಿಯಲ್ಲೂ ಜೀವವೈವಿಧ್ಯ ನಿರ್ವಹಣಾ ಸಮಿತಿ ಇದ್ದು, ಊರಿನ ಸಸ್ಯ, ಪ್ರಾಣಿ, ಬೆಳೆಗಳನ್ನೂ ಅವುಗಳ ಬಗೆಗಿನ ಜನರ ತಿಳಿವಳಿಕೆಯನ್ನೂ ‘ಜನತಾ ಜೀವವೈವಿಧ್ಯ ದಾಖಲೆ’ ಎಂಬ ಪುಸ್ತಕದಲ್ಲಿ ಬರೆದಿಡಬೇಕಾಗಿದೆ. ಆ ಪುಸ್ತಕದಲ್ಲಿ ತಳಿಯ ಹೆಸರಿನ ಎದುರಿಗೆ, ಅದನ್ನು ಉಳಿಸಿದ ಮನೆಯ ಗಂಡಸು ಹೆಂಗಸರಿಬ್ಬರ ಹೆಸರೂ, ಬಿತ್ತನೆ ಯಾವ ಊರಿನಿಂದ ಯಾವ ವರ್ಷ ಬಂತೆಂಬುದೂ, ಯಾರು ಯಾರು ಅದನ್ನು ಒಯ್ದು ಏನು ಕಂಡರೆಂಬುದೂ ಅವರ ಒಪ್ಪಿಗೆಯಿಂದ ನಮೂದಾದರೆ, ಕಾನೂನಿನ ಹಕ್ಕಿಗೂ ಮುಂದಿನ ಸಂಶೋಧನೆಗೂ ಅದೇ ಆಧಾರವಾಗುತ್ತದೆ. ಮಂಡ್ಯದ ವಿ.ಸಿ. ಫಾರಂನ ಕೃಷಿ ವಿದ್ಯಾರ್ಥಿಗಳು ಹಂಗಾಮಿನಲ್ಲಿ ಕೆಲವು ದಿನ ಇಂಥ ಗದ್ದೆಗಳಲ್ಲಿ ದುಡಿದು ತಳಿಗಳ ಲಕ್ಷಣಗಳನ್ನು ಬರೆದುಕೊಳ್ಳುವುದು ಅವರ ಓದಿನ ಭಾಗವಾಗಬಹುದು. 1962ರಿಂದ ನಡೆಯುತ್ತಿರುವ ಮಂಡ್ಯದ ಪಿಇಎಸ್ ಎಂಜಿನಿಯರಿಂಗ್ ಕಾಲೇಜಿನಂಥ ಸಂಸ್ಥೆಗಳ ವಿದ್ಯಾರ್ಥಿಗಳು ಆ ದಾಖಲೆಗೆ ಕನ್ನಡದಲ್ಲೇ ಮುಕ್ತ ತಂತ್ರಾಂಶವೊಂದನ್ನು ರೂಪಿಸಿಕೊಡಬಹುದು. ನಾಟಿ ಅಕ್ಕಿಯನ್ನು ಪೊಟ್ಟಣ ಮಾಡಿ ಮಾರುವ ಅಂಗಡಿಗಳು ‘ಸಾವಯವ’ ಎಂಬ ದಪ್ಪಕ್ಷರದ ಕೆಳಗೆ ತಳಿಯ ಹೆಸರನ್ನೂ ಅದನ್ನು ಕಾಪಾಡಿದ ಊರಿನ ಹೆಸರನ್ನೂ ಅಚ್ಚು ಹಾಕಿಸುವುದಕ್ಕೆ ಹೆಚ್ಚಿನ ಖರ್ಚೇನೂ ಇಲ್ಲ.

ಮುಕ್ತವಾಗಿ ಕೊಡುವವರು ಬೆಲೆ ಕೇಳುವುದಿಲ್ಲವೆಂಬುದು ಅವರ ದೊಡ್ಡತನ. ಕೇಳಲಿಲ್ಲವೆಂಬ ಕಾರಣಕ್ಕೆ ಅವರನ್ನು ಮರೆಯುವುದು ಪಡೆದವರ ಸಣ್ಣತನ. ಬೀಜವಾಗಲಿ, ತಂತ್ರಾಂಶವಾಗಲಿ, ನಿಘಂಟಾಗಲಿ ಮುಂದಿನ ತಲೆಮಾರಿಗೆ ಉಳಿಯಬೇಕಾದರೆ ಅದನ್ನು ಕಾಯುವ ಹೊಸಬರು ಬರುತ್ತಲೇ ಇರಬೇಕು, ಮತ್ತು ಹಿಂದಿನವರ ದುಡಿಮೆಗೆ ನ್ಯಾಯ ಸಂದದ್ದನ್ನು ಕಂಡರೆ ಮಾತ್ರ ಹೊಸಬರು ಬರುತ್ತಾರೆ. ಆದ್ದರಿಂದ ಕಿರುಗಾವಲು, ಶಿವಳ್ಳಿಗಳ ರೈತರ ಹೆಸರನ್ನು ಅವರು ಉಳಿಸಿದ ತಳಿಗಳ ಜೊತೆ ಸೇರಿಸಿ ಬರೆದಿಡುವುದು ಅವರಿಗೆ ತೋರಿಸುವ ಔದಾರ್ಯವಲ್ಲ. ನಾಳೆ ಆ ಗದ್ದೆಗಿಳಿಯಬೇಕಾದ ಮಕ್ಕಳಿಗೆ ನಾಡು ಇಂದೇ ಕೊಡಬೇಕಾದ ಭರವಸೆ.